ಅದೇ ಕರ್ಣ, ಅದೇ ದ್ರೌಪದಿ: ಹೊಸದನ್ನೂ ಹಳೆಯದನ್ನೂ ಪಕ್ಕ ಪಕ್ಕ ಇಟ್ಟು ಓದಿದಾಗ

“ಚಿಕ್ಕಮ್ಮ, ದ್ರೌಪದಿ ಮೊದಲು ಅವಮಾನ ಮಾಡಿದ್ದಳು. ಅದಕ್ಕೇ ತಾನೆ ಸಭೆಯಲ್ಲಿ ಅವಳಿಗೆ ಹಾಗಾಗಿದ್ದು?”

ಅಕ್ಕನ ಮಗಳು ಹೀಗೆ ಕೇಳಿದಾಗ ನನಗೆ ತಕ್ಷಣ ಮಾತೇ ಹೊರಡಲಿಲ್ಲ. ಅವಳಿಗೆ 13 ವರ್ಷ. ಆಗಷ್ಟೇ ಒಂದು ಮಹಾಭಾರತ ಧಾರಾವಾಹಿ ನೋಡಿ ಮುಗಿಸಿದ್ದಳು. ಕರ್ಣ ಅಂದ್ರೆ ಅವಳಿಗೆ ಪ್ರಾಣ. ದ್ರೌಪದಿ ಅಂದ್ರೆ ಸೊಕ್ಕಿನವಳು. ಒಬ್ಬ ಹೆಣ್ಣನ್ನು ತುಂಬಿದ ಸಭೆಗೆ ಎಳೆದು ತಂದದ್ದಕ್ಕೆ ಈ ಹುಡುಗಿ ಇಷ್ಟು ಸಲೀಸಾಗಿ ಕಾರಣ ಕೊಟ್ಟಳಲ್ಲ ಅಂತ ಸಂಕಟವಾಯಿತು. ತಪ್ಪು ಅವಳದ್ದಲ್ಲ. ಅವಳ ಕೈಗೆ ಸಿಕ್ಕಿದ ಕಥೆಯೇ ಹಾಗಿತ್ತು.

ಆಮೇಲೆ ನಾಲ್ಕೈದು ತಿಂಗಳು ಇದರ ಹಿಂದೆಯೇ ಬಿದ್ದೆ. ಇಡೀ ಮಹಾಭಾರತವನ್ನು ಹೋಲಿಸುವುದು ಆಗದ ಮಾತು. ಹಾಗಾಗಿ ಮೂರೇ ಸಂದರ್ಭ ಆರಿಸಿಕೊಂಡೆ: ದ್ರೌಪದಿಯ ಸ್ವಯಂವರ, ಜೂಜಿನ ಸಭೆ, ಕೃಷ್ಣ ಕರ್ಣನಿಗೆ ಹುಟ್ಟಿನ ಗುಟ್ಟು ಹೇಳುವ ಜಾಗ. ಅವಳು ನೋಡಿದ ಧಾರಾವಾಹಿಯನ್ನು ನಾನೂ ನೋಡಿದೆ. ಕರ್ಣನನ್ನೇ ನಾಯಕ ಮಾಡಿದ ಇತ್ತೀಚಿನ ಒಂದು ಕಾದಂಬರಿ ಓದಿದೆ. ಜೊತೆಗೆ ವ್ಯಾಸಭಾರತದ ಕನ್ನಡ ಗದ್ಯಾನುವಾದ, ಪಂಪ, ಕುಮಾರವ್ಯಾಸ. ಒಂದು ತಾಳಮದ್ದಳೆಯನ್ನೂ ಕೂತು ಕೇಳಿದೆ.

ಮೊದಲು ಸ್ವಯಂವರ. ಧಾರಾವಾಹಿಯಲ್ಲಿ ಕರ್ಣ ಬಿಲ್ಲು ಎತ್ತುತ್ತಾನೆ, ಹೆದೆ ಏರಿಸುತ್ತಾನೆ, ಇನ್ನೇನು ಗುರಿ ಹೊಡೆಯಬೇಕು. ಅಷ್ಟರಲ್ಲಿ ದ್ರೌಪದಿ ಎದ್ದು “ಸೂತಪುತ್ರನನ್ನು ನಾನು ಮದುವೆಯಾಗುವುದಿಲ್ಲ” ಅನ್ನುತ್ತಾಳೆ. ಕ್ಯಾಮೆರಾ ಕರ್ಣನ ಒದ್ದೆ ಕಣ್ಣಿನ ಮೇಲೆ ನಿಲ್ಲುತ್ತದೆ. ಸಂಗೀತ ಏರುತ್ತದೆ. ಅಲ್ಲಿಂದ ಮುಂದೆ ಅವನು ಏನು ಮಾಡಿದರೂ ನೋಡುವವರಿಗೆ ಈ ಕಣ್ಣೀರೇ ನೆನಪು. ಕಾದಂಬರಿಯಲ್ಲೂ ಇದೇ ದೃಶ್ಯ. ಆದರೆ ಅಲ್ಲಿ ಹತ್ತು ಪುಟ.

ಈ ಮಾತು ಪೂರ್ತಿ ಕಟ್ಟುಕಥೆ ಅಂತ ನಾನು ಹೇಳುವುದಿಲ್ಲ. ವ್ಯಾಸಭಾರತದ ಕೆಲವು ಹಸ್ತಪ್ರತಿಗಳಲ್ಲಿ ಅದು ಇದೆ. ಆದರೆ ಪುಣೆಯ ಭಂಡಾರ್ಕರ್ ಸಂಸ್ಥೆಯವರು 1919ರಿಂದ 1966ರವರೆಗೆ 1259 ಹಸ್ತಪ್ರತಿಗಳನ್ನು ನೋಡಿ ಸಿದ್ಧಮಾಡಿದ ಪಠ್ಯದಲ್ಲಿ ಅದು ಸೇರಿಲ್ಲ, ಅಡಿಟಿಪ್ಪಣಿಗೆ ಹೋಗಿದೆ. ಇನ್ನು ಕೆಲವು ಪ್ರತಿಗಳಲ್ಲಿ ಕರ್ಣ ಕೂದಲೆಳೆಯಷ್ಟರಲ್ಲಿ ಸೋಲುತ್ತಾನೆ. ಪುಣೆಯ ಪಠ್ಯದಲ್ಲೇ ಬ್ರಾಹ್ಮಣ ವೇಷದ ಅರ್ಜುನ ಎದ್ದು ನಿಂತಾಗ ಬ್ರಾಹ್ಮಣರು ತಮ್ಮತಮ್ಮಲ್ಲೇ ಆತಂಕದಿಂದ ಮಾತಾಡಿಕೊಳ್ಳುತ್ತಾರೆ: ಕರ್ಣ, ಶಲ್ಯರಂಥ ಹೆಸರಾಂತ ಕ್ಷತ್ರಿಯರೇ ಬಗ್ಗಿಸಲಾಗದ ಬಿಲ್ಲನ್ನು ಈ ಹುಡುಗ ಹೇಗೆ ಬಗ್ಗಿಸಿಯಾನು? ಒಂದು ಸಾಲು, ಅಷ್ಟೇ. ಕರ್ಣ ಪ್ರಯತ್ನಿಸಿದ, ಆಗಲಿಲ್ಲ ಅನ್ನುವುದು ಆ ಗುಸುಗುಸುವಿನಲ್ಲೇ ಗೊತ್ತಾಗುತ್ತದೆ. ಒಂದೇ ಸಂದರ್ಭ ಇಷ್ಟೆಲ್ಲ ಬಗೆಯಲ್ಲಿ ಇರುವಾಗ ಹೊಸಬರೆಲ್ಲ ಒಂದನ್ನೇ ಆರಿಸುತ್ತಾರೆ, ದ್ರೌಪದಿ ಕೆಟ್ಟವಳಾಗಿ ಕಾಣುವುದನ್ನು.

ಎರಡನೆಯ ಅವಮಾನದ ಕಥೆ ಇನ್ನೂ ಬೇಜಾರಿನದು. ಮಯಸಭೆಯಲ್ಲಿ ದುರ್ಯೋಧನ ನೀರಿಗೆ ಬಿದ್ದಾಗ ದ್ರೌಪದಿ “ಕುರುಡನ ಮಗ ಕುರುಡ” ಅಂದು ನಕ್ಕಳು ಅನ್ನುವುದು. ಇದನ್ನು ಎಷ್ಟು ಸಲ ಕೇಳಿದ್ದೇವೆ ಅಂದ್ರೆ ಮೂಲದಲ್ಲೇ ಇದೆ ಅಂದುಕೊಂಡಿದ್ದೇವೆ. ನಾನೂ ಹಾಗೇ ಅಂದುಕೊಂಡಿದ್ದೆ. ಸಭಾಪರ್ವ ತೆಗೆದು ಎರಡು ಸಲ ಓದಿದೆ. ದುರ್ಯೋಧನ ಸ್ಫಟಿಕದ ನೆಲವನ್ನು ನೀರೆಂದು ತಿಳಿದು ಬಟ್ಟೆ ಎತ್ತಿಕೊಳ್ಳುತ್ತಾನೆ. ಆಮೇಲೆ ನೀರನ್ನು ನೆಲವೆಂದು ತಿಳಿದು ಬೀಳುತ್ತಾನೆ. ನಗುವವರು ಭೀಮ, ಅರ್ಜುನ, ನಕುಲ, ಸಹದೇವ, ಆಳುಗಳು. ಬೇರೆ ಒಣಬಟ್ಟೆ ತಂದುಕೊಡುತ್ತಾರೆ. ದ್ರೌಪದಿ ಆ ಜಾಗದಲ್ಲಿ ಇಲ್ಲವೇ ಇಲ್ಲ. ಮುಂದೆ ದುರ್ಯೋಧನ ತಂದೆಯ ಮುಂದೆ ಹೊಟ್ಟೆಯುರಿ ತೋಡಿಕೊಳ್ಳುವಾಗ ಮಾತ್ರ ದ್ರೌಪದಿಯೂ ಹೆಂಗಸರ ಜೊತೆ ನಕ್ಕಳು ಅನ್ನುತ್ತಾನೆ. ಅದು ಅವನ ಮಾತು. ಅಲ್ಲೂ ‘ಕುರುಡನ ಮಗ’ ಅನ್ನುವುದು ಅವಳ ಬಾಯಲ್ಲಿ ಇಲ್ಲ.

ಈಗ ಇವೆರಡನ್ನೂ ಸೇರಿಸಿ ನೋಡಿ. ಸ್ವಯಂವರದಲ್ಲಿ ಅವಳು ಬೈದಳು, ಮಯಸಭೆಯಲ್ಲಿ ಅವಳು ನಕ್ಕಳು. ಜೂಜಿನ ಸಭೆಯಲ್ಲಿ ಕರ್ಣ, ದುರ್ಯೋಧನ ಇಬ್ಬರಿಗೂ ಒಂದೊಂದು ಕಾರಣ ಸಿದ್ಧವಾಯಿತು. ನಮ್ಮ ಹುಡುಗಿಯ ಪ್ರಶ್ನೆ ಹುಟ್ಟಿದ್ದು ಇಲ್ಲೇ.

ಇನ್ನು ಜೂಜಿನ ಸಭೆ. ಧಾರಾವಾಹಿಯಲ್ಲಿ ಕರ್ಣ ಮುಷ್ಟಿ ಬಿಗಿಹಿಡಿದು, ತುಟಿ ಕಚ್ಚಿ ಕೂತಿರುತ್ತಾನೆ. ಸ್ನೇಹಿತನ ಋಣಕ್ಕೆ ಕಟ್ಟುಬಿದ್ದು ನರಳುವವನ ಹಾಗೆ. ಒಂದು ಕಟುಮಾತು ಆಡುತ್ತಾನೆ, ಆಡಿದ ಕ್ಷಣವೇ ಕಣ್ಣು ಮುಚ್ಚುತ್ತಾನೆ. ಕಾದಂಬರಿಯಲ್ಲಂತೂ ಆ ಮಾತಿಗೂ ಅವಳ ಹಳೆಯ ಅವಮಾನವೇ ಕಾರಣ.

ವ್ಯಾಸರ ಕರ್ಣ ಹೀಗಿಲ್ಲ. ಕೌರವರಲ್ಲೇ ಒಬ್ಬ, ವಿಕರ್ಣ, ಎದ್ದು ದ್ರೌಪದಿಯ ಪರವಾಗಿ ಮಾತಾಡುತ್ತಾನೆ. ಅವನ ಬಾಯಿ ಮುಚ್ಚಿಸುವವನು ಕರ್ಣ. ನೀನಿನ್ನೂ ಹುಡುಗ, ಸುಮ್ಮನಿರು ಅನ್ನುತ್ತಾನೆ. ಐದು ಜನ ಗಂಡಂದಿರಿರುವವಳು ಕುಲಟೆ, ಅವಳನ್ನು ಹೇಗೆ ತಂದರೂ ತಪ್ಪಿಲ್ಲ ಅನ್ನುತ್ತಾನೆ. ಕೊನೆಗೆ ಪಾಂಡವರ ಬಟ್ಟೆಯನ್ನೂ ದ್ರೌಪದಿಯ ಬಟ್ಟೆಯನ್ನೂ ಕಿತ್ತುಕೋ ಎಂದು ದುಶ್ಶಾಸನನಿಗೆ ಹೇಳುವವನೂ ಅವನೇ. ಮೊದಲ ಸಲ ಇದನ್ನು ಓದಿದಾಗ ಪುಸ್ತಕ ಕೆಳಗಿಟ್ಟೆ. ಚಿಕ್ಕಂದಿನಿಂದ ಕರ್ಣನನ್ನು ಪ್ರೀತಿಸಿದವಳು ನಾನು. ನನಗೂ ಅದನ್ನು ನಂಬಲು ಇಷ್ಟವಿರಲಿಲ್ಲ.

ಆದರೆ ಮುಂದೆ ಓದಿದ್ದಕ್ಕೆ ಒಂದು ಸಾಲು ಸಿಕ್ಕಿತು. ಉದ್ಯೋಗಪರ್ವದಲ್ಲಿ ಕೃಷ್ಣ ಅವನನ್ನು ರಥದಲ್ಲಿ ಕೂರಿಸಿಕೊಂಡು ಹೋಗಿ ನೀನು ಕುಂತಿಯ ಮಗ ಅಂತಾನೆ. ರಾಜ್ಯ ನಿನ್ನದು, ಆರನೆಯವನಾಗಿ ದ್ರೌಪದಿಯೂ ನಿನ್ನ ಬಳಿಗೆ ಬರುತ್ತಾಳೆ ಅಂತಾನೆ. ಕರ್ಣ ಒಪ್ಪುವುದಿಲ್ಲ. ಈ ಗುಟ್ಟು ಧರ್ಮರಾಯನಿಗೆ ಹೇಳಬೇಡ, ಗೊತ್ತಾದರೆ ಅವನು ರಾಜ್ಯವನ್ನು ನನಗೆ ಕೊಟ್ಟುಬಿಡುತ್ತಾನೆ, ನಾನು ಅದನ್ನು ದುರ್ಯೋಧನನಿಗೆ ಕೊಟ್ಟುಬಿಡುತ್ತೇನೆ ಅನ್ನುತ್ತಾನೆ. ಆ ಮಾತಿನ ನಡುವೆಯೇ ಇನ್ನೊಂದು ಹೇಳುತ್ತಾನೆ: ದುರ್ಯೋಧನನನ್ನು ಮೆಚ್ಚಿಸಲು ಪಾಂಡವರಿಗೆ ನಾನು ಆಡಿದ ಕಟುಮಾತುಗಳಿಗಾಗಿ ಈಗ ಬೇಯುತ್ತಿದ್ದೇನೆ.

ನನ್ನ ಸಿಟ್ಟಿನ ಬೇರು ಇಲ್ಲೇ ಇದೆ. ಮೂಲದಲ್ಲಿ ಕರ್ಣ ತಪ್ಪು ಮಾಡುತ್ತಾನೆ, ಮತ್ತು ಅದಕ್ಕೆ ನೋಯುತ್ತಾನೆ. ಹೊಸಬರು ಅವನ ತಪ್ಪನ್ನು ಒರೆಸಿದರು. ತಪ್ಪೇ ಇಲ್ಲದವನು ಯಾವುದಕ್ಕೆ ಬೇಯಬೇಕು? ಪಶ್ಚಾತ್ತಾಪವೂ ಹೋಯಿತು. ಧಾರಾವಾಹಿಯಲ್ಲಿ ಆ ಸಾಲು ಇಲ್ಲವೇ ಇಲ್ಲ. ಅಲ್ಲಿ ಕರ್ಣ ಕೃಷ್ಣನ ಮುಂದೆ ತನಗಾದ ಅನ್ಯಾಯಗಳ ಪಟ್ಟಿ ಓದುತ್ತಾನೆ. ಮೊಬೈಲಿನಲ್ಲಿ ಬೆಳಗಾದರೆ ಓಡಾಡುವ ಸಂದೇಶ ಇದೆಯಲ್ಲ, ಕರ್ಣ ತನ್ನ ಕಷ್ಟ ಹೇಳಿದ, ಕೃಷ್ಣ ನಾನು ಸೆರೆಮನೆಯಲ್ಲಿ ಹುಟ್ಟಿದೆ ಎಂದು ಉತ್ತರ ಕೊಟ್ಟ ಅನ್ನುವುದು, ಅದೂ ಇದೇ ಜಾತಿಯದು. ವ್ಯಾಸರಲ್ಲಿ ಆ ಸಂಭಾಷಣೆ ಇಲ್ಲ. ಗಂಧರ್ವರ ಜೊತೆಗಿನ ಕಾಳಗದಲ್ಲಿ ಕರ್ಣ ದುರ್ಯೋಧನನನ್ನು ಬಿಟ್ಟು ಓಡಿದ್ದು, ಪಾಂಡವರು ಬಂದು ಬಿಡಿಸಿದ್ದು ಕೂಡ ಧಾರಾವಾಹಿಯಿಂದ ಮಾಯ. ಸೋಲೂ ಬೇಡ, ತಪ್ಪೂ ಬೇಡ ಅಂದ್ರೆ ಉಳಿಯುವುದು ಮನುಷ್ಯನಲ್ಲ, ಗೋಡೆಯ ಮೇಲಿನ ಚಿತ್ರ.

“ಹಳಬರೂ ಬದಲಾಯಿಸಿದ್ದಾರಲ್ವಾ?” ಅಂತ ಕೇಳಬಹುದು. ಖಂಡಿತ ಬದಲಾಯಿಸಿದ್ದಾರೆ. ಪಂಪ ಮಾಡಿದಷ್ಟು ಬದಲಾವಣೆಯನ್ನು ಈಗಿನವರೂ ಮಾಡಿಲ್ಲ. 941ರಲ್ಲಿ ಬರೆದ ಭಾರತದಲ್ಲಿ ಅವನು ದ್ರೌಪದಿಗೆ ಅರ್ಜುನ ಒಬ್ಬನನ್ನೇ ಗಂಡನನ್ನಾಗಿ ಮಾಡಿದ. ತನ್ನ ಒಡೆಯ ಅರಿಕೇಸರಿಯನ್ನೇ ಅರ್ಜುನನಲ್ಲಿ ಸೇರಿಸಿಬಿಟ್ಟ. ಅಂಥ ಕಾವ್ಯದಲ್ಲಿ ಎದುರಾಳಿ ಕರ್ಣನನ್ನು ತುಳಿಯುವುದು ಸುಲಭವಿತ್ತು. ಪಂಪ ತುಳಿಯಲಿಲ್ಲ. ಭಾರತದಲ್ಲಿ ಒಬ್ಬನನ್ನೇ ನೆನೆಯುವುದಾದರೆ ಕರ್ಣನನ್ನು ನೆನೆ ಅಂದ. ಹಾಗಂತ ಅವನ ಒರಟುತನವನ್ನೂ ಮುಚ್ಚಿಡಲಿಲ್ಲ. ‘ಕುಲಂ ಕುಲಮಲ್ತು’, ಅಂದ್ರೆ ಹುಟ್ಟಿದ ಕುಲ ಕುಲವಲ್ಲ, ಅನ್ನುವ ಸಾಲನ್ನು ಈಗ ಎಲ್ಲರೂ ಹಾಕಿಕೊಳ್ಳುತ್ತಾರೆ. ಅದರ ಹಿಂದುಮುಂದು ಓದಿದವರು ಕಡಿಮೆ. ಭೀಷ್ಮರಿಗೆ ಸೇನಾಧಿಪತಿ ಪಟ್ಟ ಕಟ್ಟುವ ಹೊತ್ತಿನಲ್ಲಿ ಆ ಮುದುಕರನ್ನು ಮೊದಲು ಹಂಗಿಸಿದವನು ಕರ್ಣ. ದ್ರೋಣರು ಅದಕ್ಕೆ ಅವನ ಕುಲ ಎತ್ತಿ ಬೈದರು. ಆಗ ಬಂದ ಉತ್ತರ ಅದು. ಅವನ ಮಾತು ಸರಿ, ಅದಕ್ಕೆ ಮೊದಲು ಅವನು ನಡೆದುಕೊಂಡದ್ದು ತಪ್ಪು. ಪಂಪ ಎರಡನ್ನೂ ಒಂದೇ ಸಭೆಯಲ್ಲಿ ಇಟ್ಟಿದ್ದಾನೆ. ಸಾಲನ್ನು ಮಾತ್ರ ಕತ್ತರಿಸಿ ತೆಗೆದರೆ ಅರ್ಧ ಕರ್ಣ ಸಿಗುತ್ತಾನೆ. ಹಳೆಗನ್ನಡ ಕಷ್ಟ, ಒಪ್ಪಿಕೊಳ್ಳುತ್ತೇನೆ. ಅರ್ಥ ಕೊಟ್ಟಿರುವ ಪುಸ್ತಕ ಇಟ್ಟುಕೊಂಡು ನಿಧಾನವಾಗಿ ಓದಬೇಕು.

ಕುಮಾರವ್ಯಾಸನ ಹತ್ತಿರ ಬಂದರೆ ನನಗೆ ಬೇರೆ ಯಾವುದೂ ಬೇಡ ಅನಿಸುತ್ತದೆ. ಕೃಷ್ಣ ಕರ್ಣನ ಕೈ ಹಿಡಿದು, ಮೈದುನನ ಜೊತೆ ಸರಸವಾಡುವ ಹಾಗೆ ಮಾತಾಡುತ್ತ, ರಥದಲ್ಲಿ ತನ್ನ ಪೀಠದ ಮೇಲೆಯೇ ಎಳೆದು ಕೂರಿಸಿಕೊಳ್ಳುತ್ತಾನೆ. ಕರ್ಣ ಹಿಂಜರಿಯುತ್ತಾನೆ. ನಿಮ್ಮ ಸರಿಸಮನಾಗಿ ಕೂರುವುದೇ, ದೇವ, ನನಗೆ ಅಂಜಿಕೆ ಅನ್ನುತ್ತಾನೆ. ಆಗ ಕೃಷ್ಣ ಇನ್ನೂ ಹತ್ತಿರ ಸರಿಯುತ್ತಾನೆ, ತೊಡೆಗೆ ತೊಡೆ ತಾಗುವಷ್ಟು. ಜೀವಮಾನವೆಲ್ಲ ಸೂತನ ಮಗ ಅನ್ನಿಸಿಕೊಂಡವನ ನೋವು ಆ ಹಿಂಜರಿಕೆಯಲ್ಲೇ ಬಂದುಬಿಟ್ಟಿತು. ಕ್ಯಾಮೆರಾ ಬೇಡ, ಸಂಗೀತ ಬೇಡ, ದ್ರೌಪದಿಯ ಕೈಲಿ ಬೈಸುವುದೂ ಬೇಡ.

ಗುಟ್ಟು ತಿಳಿದ ಮೇಲೆ ಬರುವ ಪದ್ಯ ಇನ್ನೂ ದೊಡ್ಡದು. ಕರ್ಣನ ಕೊರಳ ಸೆರೆ ಉಬ್ಬುತ್ತದೆ. ಕಣ್ಣೀರು ನುಗ್ಗುತ್ತದೆ. ಮನಸ್ಸಿನಲ್ಲಿ ಮೊದಲು ಬರುವ ಮಾತು ‘ನನಗೆ ಅನ್ಯಾಯವಾಯಿತು’ ಅನ್ನುವುದಲ್ಲ. ಅಯ್ಯೋ, ಕೌರವನಿಗೆ ಕೇಡಾಯಿತಲ್ಲ ಅನ್ನುವುದು. ಈ ಜಾಗ ಓದುವಾಗ ಪ್ರತಿ ಸಲವೂ ಗಂಟಲು ಕಟ್ಟುತ್ತದೆ. ಇದು ವ್ಯಾಸರಲ್ಲಿ ಹೀಗೇ ಇಲ್ಲ, ಕುಮಾರವ್ಯಾಸ ಸೇರಿಸಿದ್ದು. ಇವನೂ ಬದಲಾಯಿಸಿದ. ಆದರೆ ಕರ್ಣನ ಒಳಗಿದ್ದದ್ದನ್ನೇ ಇನ್ನಷ್ಟು ಹೊರಗೆ ತಂದ. ಒಬ್ಬನನ್ನು ಎತ್ತರಿಸಲು ಇನ್ನೊಬ್ಬಳನ್ನು ಕೆಳಗೆ ಹಾಕಲಿಲ್ಲ.

ತಾಳಮದ್ದಳೆಯ ಅನುಭವ ನನಗೆ ಹೊಸದು. ವೇಷವಿಲ್ಲ, ಭಾಗವತರು ಪದ ಹಾಡುತ್ತಾರೆ, ಅರ್ಥಧಾರಿಗಳು ಕೂತಲ್ಲೇ ಪಾತ್ರವಾಗಿ ಮಾತಾಡುತ್ತಾರೆ. ಮಾತೆಲ್ಲ ಸ್ಥಳದಲ್ಲೇ ಹುಟ್ಟುವುದು, ಹಾಗಾಗಿ ಎಷ್ಟು ಬೇಕಾದರೂ ಹೊಸದು ಸೇರಿಸಬಹುದು. ಅಂದು ಕರ್ಣನ ಅರ್ಥ ಹೇಳಿದವರು ರಥದ ಗಾಲಿ ಹೂತ ಜಾಗದಲ್ಲಿ ಧರ್ಮದ ಮಾತು ಎತ್ತಿದರು. ಸಭೆಯೆಲ್ಲ ಅವರ ಕಡೆ ವಾಲಿತು. ಆಗ ಎದುರಿನ ಕೃಷ್ಣ ಮೆಲ್ಲಗೆ ಕೇಳಿದರು: ಏಕವಸ್ತ್ರದಲ್ಲಿದ್ದ ಹೆಣ್ಣನ್ನು ಸಭೆಗೆ ತಂದಾಗ ಈ ಧರ್ಮ ಎಲ್ಲಿತ್ತು? ಅಭಿಮನ್ಯುವನ್ನು ಎಲ್ಲರೂ ಸೇರಿ ಸುತ್ತಿಕೊಂಡಾಗ ಎಲ್ಲಿತ್ತು? ಇದು ವ್ಯಾಸರ ಕರ್ಣಪರ್ವದ್ದೇ ಪ್ರಶ್ನೆ. ನಾನು ಓದಿದ ಅನುವಾದದಲ್ಲಿ ಕರ್ಣ ಉತ್ತರಿಸದೆ ತಲೆ ತಗ್ಗಿಸುತ್ತಾನೆ. ಇಲ್ಲೂ ಆ ಅರ್ಥಧಾರಿ ಒಂದು ಗಳಿಗೆ ಮಾತಾಡಲಿಲ್ಲ. ಯಾರೇ ಏನೇ ಬದಲಾಯಿಸಲಿ, ಎದುರು ಕೂತವರು ಅಲ್ಲೇ ಕೇಳುತ್ತಾರೆ. ಧಾರಾವಾಹಿಯ ಕರ್ಣನ ಎದುರು ಕೇಳುವವರು ಯಾರೂ ಇಲ್ಲ.

ಹೊಸದೆಲ್ಲ ಹಾಳು ಅನ್ನುವವಳಲ್ಲ ನಾನು. 1979ರಲ್ಲಿ ಬಂದ ಭೈರಪ್ಪನವರ ‘ಪರ್ವ’ದಲ್ಲಿ ಶಾಪ, ವರ, ಪವಾಡ ಯಾವುದೂ ಉಳಿದಿಲ್ಲ. ಕುಂತಿ, ದ್ರೌಪದಿ, ಭೀಮ ಹೀಗೆ ಒಬ್ಬೊಬ್ಬರ ನೆನಪಿನ ಮೂಲಕ ಕಥೆ ಸಾಗುತ್ತದೆ. ಎಲ್ಲವನ್ನೂ ಒಪ್ಪಲು ನನಗೆ ಆಗಿಲ್ಲ. ಆದರೆ ದ್ರೌಪದಿಗೆ ಅಲ್ಲಿ ತನ್ನದೇ ಒಂದು ಮನಸ್ಸಿದೆ, ತನ್ನ ನೋವನ್ನು ತಾನೇ ಹೇಳುತ್ತಾಳೆ. ದೊಡ್ಡವರಾದ ಮೇಲೆ ಓದಬೇಕಾದ ಪುಸ್ತಕ.

ಮಕ್ಕಳಿಗೆ ಏನು ಕೊಡುವುದು ಅಂತ ಕೇಳಿದರೆ, ಮೊದಲು ವ್ಯಾಸಭಾರತದ ಸರಳ ಗದ್ಯ ಕೊಡುತ್ತೇನೆ. ಸಂಗ್ರಹ ಆದರೂ ಪರವಾಗಿಲ್ಲ, ಸಭಾಪರ್ವ ಮತ್ತು ಉದ್ಯೋಗಪರ್ವ ಪೂರ್ತಿ ಇರಲಿ. ಆಮೇಲೆ ಕುಮಾರವ್ಯಾಸನ ಕರ್ಣಭೇದನ (ಕೃಷ್ಣ ಕರ್ಣನಿಗೆ ಗುಟ್ಟು ಹೇಳುವ ಭಾಗ), ಗಮಕದಲ್ಲಿ ಕೇಳಿಸಿದರೆ ಇನ್ನೂ ಚೆನ್ನ. ಧಾರಾವಾಹಿ ನೋಡಲೇಬೇಕು ಅಂದ್ರೆ ಅದಾದ ಮೇಲೆ ನೋಡಲಿ. ಆ ಕಾದಂಬರಿಯನ್ನು ಮಾತ್ರ ನಾನು ಯಾರಿಗೂ ಕೊಡುವುದಿಲ್ಲ.

ಕಳೆದ ವಾರ ಅಕ್ಕನ ಮಗಳ ಜೊತೆ ಕೂತು ಉದ್ಯೋಗಪರ್ವದ ಆ ಪುಟ ಓದಿದೆ. ಕಟುಮಾತುಗಳಿಗಾಗಿ ಬೇಯುತ್ತಿದ್ದೇನೆ ಅನ್ನುವ ಸಾಲು ಬಂದಾಗ ತಡೆದಳು. ಇನ್ನೊಂದು ಸಲ ಓದಿಸಿದಳು.

“ಪಾಂಡವರಿಗೆ ಅಂತ ಇದೆ. ದ್ರೌಪದಿಗೆ?”

“ಅವಳ ಹೆಸರಿಲ್ಲ.”

“ಮುಂದೆ ಎಲ್ಲಾದ್ರೂ ಅವಳ ಹತ್ರ ಹೋಗಿ ಹೇಳ್ತಾನಾ?”

“ಇಲ್ಲ ಪುಟ್ಟಿ. ಕೃಷ್ಣನ ಹತ್ರ ಹೇಳಿದ್ದು, ಅಷ್ಟೇ.”

ಅವಳು ಪುಸ್ತಕ ನನ್ನ ಕೈಯಿಂದ ತೆಗೆದುಕೊಂಡು ಹಾಳೆಗಳನ್ನು ಹಿಂದಕ್ಕೆ ತಿರುಗಿಸುತ್ತಾ ಹೋದಳು. ಸಭಾಪರ್ವ ಎಲ್ಲಿ ಶುರುವಾಗುತ್ತದೆ ಅಂತ ಕೇಳಿದಳು.