ಜೋರು ಗಾಳಿಗೆ ಸೆಕೆಂಡ್ ಹ್ಯಾಂಡ್ ವಿಂಡ್‌ಸರ್ಫ್ ಬೋರ್ಡ್: ಫ್ರೀಸ್ಟೈಲ್-ವೇವ್ ಮಾದರಿ ಹೇಗಿದೆ?

ಬೆಂಗಳೂರಿನಲ್ಲಿದ್ದುಕೊಂಡು ರಜೆ ಸಿಕ್ಕಾಗ ಕಡಲಿಗೆ ಓಡುವವರು ಒಂದೇ ಬೋರ್ಡ್ ಇಟ್ಟುಕೊಳ್ಳುವುದಾದರೆ ಟಬೂ 3ಎಸ್, ಫ್ಯಾನಾಟಿಕ್ ಫ್ರೀವೇವ್ ಥರದ ಫ್ರೀಸ್ಟೈಲ್-ವೇವ್ ಬೋರ್ಡೇ (ಕಸರತ್ತಿಗೂ ಅಲೆಗೂ ಹೊಂದುವ ಮಾದರಿ) ಸರಿ. 75 ಕೆಜಿ ತೂಗುವವರಿಗೆ, 20 ನಾಟ್ (ಗಂಟೆಗೆ ಸುಮಾರು 37 ಕಿ.ಮೀ.) ದಾಟಿದ ಗಾಳಿಗೆ 85–90 ಲೀಟರ್ ಗಾತ್ರದ ಬೋರ್ಡ್ ಸಾಕು; ಹಾಯಿ 5 ಚದರ ಮೀಟರ್ ಆಸುಪಾಸು. ವಾಟರ್‌ಸ್ಟಾರ್ಟ್ (ನೀರಿನಲ್ಲಿದ್ದುಕೊಂಡೇ ಹಾಯಿಗೆ ಗಾಳಿ ಹಿಡಿಸಿ ಬೋರ್ಡ್ ಏರುವುದು) ಬಾರದವರು ಮಾತ್ರ ಇಷ್ಟು ಚಿಕ್ಕದನ್ನು ಕೊಳ್ಳಬೇಡಿ.

ಅಗ್ಗಕ್ಕೆ ಸಿಗುವ ಅಗಲದ ಸ್ಲಾಲಮ್ (ವೇಗದ ರೇಸಿನ) ಬೋರ್ಡ್ ಖಂಡಿತ ಬೇಡ. ಕುಲುಕುವ ನೀರಿನಲ್ಲಿ ಅದರ ಹಿಂಬದಿ ಕುಪ್ಪಳಿಸಿ ಫಿನ್ (ತಳದ ರೆಕ್ಕೆ) ಹಿಡಿತ ತಪ್ಪುತ್ತದೆ. ಹಿಂಬದಿ ಕಿರಿದಾಗಿ, ತಳ ವಿ ಆಕಾರದಲ್ಲಿದ್ದರೆ ಅಲೆಯ ಪೆಟ್ಟು ಮೆತ್ತಗಾಗುತ್ತದೆ. ಫುಟ್‌ಸ್ಟ್ರಾಪ್ (ಕಾಲು ಸಿಕ್ಕಿಸುವ ಪಟ್ಟಿ) ತೂತುಗಳು ಅಂಚಿಗಿಂತ ಒಳಗೂ ಇರಬೇಕು.

ನೋಡಲು ಹೋದಾಗ ಹೊಳಪಿಗೆ ಮರುಳಾಗಬೇಡಿ. ಹಿಮ್ಮಡಿ ಊರುವ ಜಾಗವನ್ನು ಹೆಬ್ಬೆರಳಿಂದ ಗಟ್ಟಿಯಾಗಿ ಒತ್ತಿ. ಒಳಗಿಳಿದರೆ ಮೇಲ್ಪದರ ಫೋಮ್‌ನಿಂದ ಬಿಟ್ಟಿದೆ; ಆ ರಿಪೇರಿ ದುಬಾರಿ. ಮೂತಿಯ ಮೇಲೆ ಮಾಸ್ಟ್ (ಹಾಯಿಯ ಕಂಬ) ಬಡಿದ ಬಿರುಕು, ಅದನ್ನು ಕೂರಿಸುವ ಮಾಸ್ಟ್ ಟ್ರ್ಯಾಕ್ ಸುತ್ತಲಿನ ಕೂದಲೆಳೆ ಬಿರುಕು, ಫಿನ್ ಬಾಕ್ಸ್ ಅಂಚು ನೋಡಿ. ಆಮೇಲೆ ತೂಗಿ: ಕಂಪನಿ ಹೇಳಿದ್ದಕ್ಕಿಂತ ಒಂದು ಕೆಜಿ ಹೆಚ್ಚಿದ್ದರೆ ನೀರು ಕುಡಿದಿರುವ ಸಾಧ್ಯತೆಯೇ ಹೆಚ್ಚು. ಅನುಮಾನ ಇದ್ದರೆ ವೆಂಟ್ ಸ್ಕ್ರೂ (ಒಳಗಿನ ಗಾಳಿ ಹೊರಬಿಡುವ ತಿರುಪು) ಮುಚ್ಚಿ ಸ್ವಲ್ಪ ಹೊತ್ತು ಬಿಸಿಲಿಗಿಟ್ಟು, ಬಿರುಕಿನ ಮೇಲೆ ಸೋಪಿನ ನೀರು ಹಚ್ಚಿ. ಗುಳ್ಳೆ ಎದ್ದರೆ ಅಲ್ಲಿ ಸೋರಿಕೆ ಇದೆ.

ನಮ್ಮ ಊರಿನವರು ಮರೆಯುವುದು ಆ ವೆಂಟ್ ಸ್ಕ್ರೂವನ್ನೇ. ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿದೆ, ಗಾಳಿಯ ಒತ್ತಡ ಕಡಲ ತೀರಕ್ಕಿಂತ ಶೇ 10ರಷ್ಟು ಕಡಿಮೆ. ತೀರದಲ್ಲಿ ಸ್ಕ್ರೂ ಬಿಗಿದ ಬೋರ್ಡನ್ನು ಹಾಗೇ ಘಾಟಿ ಹತ್ತಿಸಿದರೆ ಒಳಗಿನ ಗಾಳಿ ಹಿಗ್ಗಿ ಪದರ ಏಳಬಹುದು. ಸಾಗಿಸುವಾಗ ಸಡಿಲಿಸಿ, ನೀರಿಗಿಳಿಸುವ ಮುನ್ನ ಬಿಗಿಯಿರಿ. ಸ್ಕ್ರೂವಿನ ಒ-ರಿಂಗ್ (ರಬ್ಬರ್ ಬಳೆ) ಹೊಸದನ್ನೇ ಹಾಕಿ.