ಚುಕ್ಕೆ ಗುರುತಿನ ಪ್ರಶ್ನೆಯೋ, ಚುಕ್ಕೆ ರಹಿತ ಪ್ರಶ್ನೆಯೋ?

ಊರಿನ ರೈಲು ಮಾರ್ಗಕ್ಕೆ ಮಂಜೂರಾದ ಹಣ ಎಲ್ಲಿ ಹೋಯಿತು ಎಂದು ನಿಮ್ಮ ಸಂಸದರ ಮೂಲಕ ಲೋಕಸಭೆಯಲ್ಲಿ ಕೇಳಿಸಬೇಕೆ? ಮುಖ್ಯವಾಗಿ ಎರಡು ದಾರಿಗಳಿವೆ. ಎರಡಕ್ಕೂ ಕನಿಷ್ಠ 15 ದಿನ ಮೊದಲೇ ನೋಟಿಸ್ ಕೊಡಬೇಕು.

ಚುಕ್ಕೆ ಗುರುತಿನ ಪ್ರಶ್ನೆಗೆ ಸಚಿವರು ಸದನದಲ್ಲಿ ಎದ್ದು ನಿಂತು ಉತ್ತರಿಸಬೇಕು. ಅದರ ನಿಜವಾದ ಬಲವಿರುವುದು ಉಪಪ್ರಶ್ನೆಯಲ್ಲಿ. ಅಧಿಕಾರಿಗಳು ಬರೆದುಕೊಟ್ಟ ಉತ್ತರ ಮುಂದಿಟ್ಟ ಸಚಿವರನ್ನು “ಹಾಗಾದರೆ ಕಾಮಗಾರಿ ನಿಂತದ್ದೇಕೆ?” ಎಂದು ಅಲ್ಲೇ ಕೆಣಕಬಹುದು, ತಯಾರಿಯಿಲ್ಲದ ಸಚಿವರು ತಡವರಿಸುವುದು ಆಗಲೇ. ಆದರೆ ದಿನದ ಪಟ್ಟಿಯಲ್ಲಿ 20 ಪ್ರಶ್ನೆಗಳಿಗಷ್ಟೇ ಜಾಗ, ಅದೂ ಲಾಟರಿಯಲ್ಲಿ ಹೆಸರು ಬಂದರೆ. ಪಟ್ಟಿಯ ಕೆಳಗಿದ್ದರೆ ಸರದಿ ಬರುವಷ್ಟರಲ್ಲಿ ಪ್ರಶ್ನೋತ್ತರಕ್ಕೆಂದು ಮೀಸಲಾದ ಒಂದು ಗಂಟೆ ಮುಗಿದಿರುತ್ತದೆ. ಗದ್ದಲವೆದ್ದರೆ ಕೇಳುವುದೇ ಬೇಡ.

ಚುಕ್ಕೆ ರಹಿತ ಪ್ರಶ್ನೆಗಳು ದಿನಕ್ಕೆ 230. ಉತ್ತರ ಲಿಖಿತ, ಉಪಪ್ರಶ್ನೆ ಇಲ್ಲ, ಟಿವಿಯಲ್ಲಿ ಕಾಣಿಸಿಕೊಳ್ಳುವ ಭಾಗ್ಯವೂ ಇಲ್ಲ. 2020ರ ಮುಂಗಾರು ಅಧಿವೇಶನದಲ್ಲಿ ಪ್ರಶ್ನೋತ್ತರ ವೇಳೆಯೇ ರದ್ದಾದಾಗಲೂ ಈ ಉತ್ತರಗಳು ಬಂದವು.

ಮಂಜೂರಾದದ್ದೆಷ್ಟು, ಖರ್ಚಾದದ್ದೆಷ್ಟು ಎಂಬ ವರ್ಷವಾರು ಲೆಕ್ಕ ಬೇಕಿದ್ದರೆ ನಾನಂತೂ ಎರಡನೆಯದನ್ನೇ ಆರಿಸುತ್ತೇನೆ. ಅಂಕಿ ಅಂಶ ಕೈಯಲ್ಲಿದ್ದು ಸಚಿವರಿಂದ ಮಾತು ಪಡೆಯಬೇಕಿದ್ದರೆ ಮಾತ್ರ ಚುಕ್ಕೆಯ ಬೆನ್ನು ಹತ್ತಿ. ಸದನದಲ್ಲಿ ಕೊಟ್ಟ ಭರವಸೆಯನ್ನು ಮೂರು ತಿಂಗಳಲ್ಲಿ ಈಡೇರಿಸಬೇಕು. ಅದರ ಮೇಲೆ ಕಣ್ಣಿಡಲು ಭರವಸೆಗಳ ಸಮಿತಿಯೇ ಇದೆ.