ಅಪ್ಪನ ಅಭಿಮನ್ಯು ಡಿವಿಡಿಗೆ ಬಂದ ಕತೆ: ಅವಿಡೆಮಕ್ಸ್ ಮತ್ತು ಡಿವಿಡಿಸ್ಟೈಲರ್ ಬಗ್ಗೆ

1996ರಲ್ಲಿ ಸಿದ್ದಾಪುರದ ಹತ್ತಿರದ ನಮ್ಮೂರಲ್ಲಿ, ಗದ್ದೆ ಕೊಯ್ಲು ಮುಗಿದ ಮೇಲೆ ಯಕ್ಷಗಾನದ ಆಟ ಆಗಿತ್ತು. ಬಡಗುತಿಟ್ಟು ಶೈಲಿ, ಊರವರೇ ವೇಷ ಕಟ್ಟಿದ್ದು. ಅಪ್ಪನದು ಅಭಿಮನ್ಯು. ಯಾರೋ ನೆಂಟರು ವಿಡಿಯೊ ಕ್ಯಾಮೆರಾ ತಂದಿದ್ದರು. ಆ ವಿಎಚ್‌ಎಸ್ ಕ್ಯಾಸೆಟ್ ಇಷ್ಟು ವರ್ಷ ಅಟ್ಟದ ಮೇಲಿನ ಟ್ರಂಕಿನಲ್ಲಿತ್ತು.

ಅಪ್ಪನಿಗೆ ಮೊಬೈಲಿನ ಪರದೆ ಕಾಣುವುದಿಲ್ಲ. ಮನೆಯಲ್ಲಿ ಇರುವುದು ಹಳೆಯ ಡಬ್ಬ ಟಿವಿ ಮತ್ತು ಒಂದು ಡಿವಿಡಿ ಪ್ಲೇಯರ್. ಅದಕ್ಕೆ ಪೆನ್ ಡ್ರೈವ್ ಚುಚ್ಚುವ ಜಾಗ ಇಲ್ಲ. ಆದ್ದರಿಂದ ಡಿವಿಡಿಯೇ ಆಗಬೇಕಿತ್ತು. ಮೊದಲು ಒಂದು ಅಂಗಡಿಗೆ ಕ್ಯಾಸೆಟ್ ಕೊಟ್ಟೆ. ಅವರು ಕೊಟ್ಟ ಎಂಪಿ4 ಫೈಲಿನಲ್ಲಿ ವೇಷಗಳೆಲ್ಲ ಅಡ್ಡಡ್ಡ ಹಿಗ್ಗಿ ಕುಳ್ಳಗಾಗಿದ್ದವು. ಕಿರೀಟವೇ ಚಪ್ಪಟೆ. ನನಗೆ ತುಂಬಾ ಬೇಸರವಾಯಿತು. ಕೊನೆಗೆ ಪರಿಚಯದವರಿಂದ ಕ್ಯಾಸೆಟ್ ಓಡಿಸುವ ವಿಸಿಆರ್ ತಂದು, ಅದರ ಚಿತ್ರವನ್ನು ಕಂಪ್ಯೂಟರಿಗೆ ಕಳಿಸುವ ಯುಎಸ್‌ಬಿ ಕ್ಯಾಪ್ಚರ್ ಡಬ್ಬಿ ಒಂದನ್ನು ಕೊಂಡು, ಮೂರು ಗಂಟೆಯ ಕ್ಯಾಸೆಟ್ಟನ್ನು ನಾನೇ ಲ್ಯಾಪ್‌ಟಾಪಿಗೆ ಇಳಿಸಿದೆ. 720 ಅಡ್ಡ, 576 ಉದ್ದ, ಸೆಕೆಂಡಿಗೆ 25 ಫ್ರೇಮ್. ನಮ್ಮ ದೇಶದ ಟಿವಿಯ ಪಾಲ್ ಪದ್ಧತಿಯ ಅಳತೆ ಇದು. ಡಿವಿಡಿಗೂ ಇದೇ ಅಳತೆ.

ಮುಂದಿನ ಕೆಲಸಕ್ಕೆ ಬಳಸಿದ್ದು ಎರಡು ಸಾಫ್ಟ್‌ವೇರ್. ಫಿಲ್ಟರ್ ಹಾಕಿ ಚಿತ್ರ ತಿದ್ದಿ, ಡಿವಿಡಿಗೆ ಬೇಕಾದ ಎಂಪೆಗ್-2 ವಿಡಿಯೊ ರೂಪಕ್ಕೆ ಬದಲಿಸಲು ಅವಿಡೆಮಕ್ಸ್, ಮೆನು ಮಾಡಿ ಡಿಸ್ಕ್ ಕಟ್ಟಲು ಡಿವಿಡಿಸ್ಟೈಲರ್. ಎರಡೂ ಉಚಿತ. ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರರಲ್ಲೂ ಸಿಗುತ್ತವೆ.

ಅವಿಡೆಮಕ್ಸ್ ತೆರೆದ ಮೊದಲ ದಿನ ಅರ್ಧ ಗಂಟೆ ಹಾಳಾಯಿತು. ಎಡಗಡೆ ವಿಡಿಯೊ ಔಟ್‌ಪುಟ್ ಅಂತ ಇರುತ್ತದೆ. ಅಲ್ಲಿ ‘ಕಾಪಿ’ ಎಂದು ಇರುವ ತನಕ ಫಿಲ್ಟರ್ ಬಟನ್ ಒತ್ತಲು ಬರುವುದಿಲ್ಲ. ಚಿತ್ರವನ್ನು ಇದ್ದ ಹಾಗೇ ನಕಲು ಮಾಡುವಾಗ ಅದನ್ನು ತಿದ್ದಲು ಆಗುವುದಿಲ್ಲ, ಅಲ್ವಾ? ಸರಿಯೇ. ಆದರೆ ಹೊಸಬರಿಗೆ ಅದನ್ನು ಒಂದು ಸಾಲಿನಲ್ಲಿ ಹೇಳಬಹುದಿತ್ತು. ‘ಎಂಪೆಗ್-2’ ಆರಿಸಿದ ಮೇಲೆ ಫಿಲ್ಟರ್‌ಗಳ ದೊಡ್ಡ ರಾಶಿಯೇ ತೆರೆದುಕೊಂಡಿತು.

ಇಲ್ಲಿ ನಾನು ದೊಡ್ಡ ತಪ್ಪು ಮಾಡಿದೆ. ಕಂಪ್ಯೂಟರಿನಲ್ಲಿ ನೋಡಿದರೆ ಅಪ್ಪ ಕುಣಿಯುವಾಗಲೆಲ್ಲ ಕಾಲಿನ ಅಂಚಿಗೆ ಬಾಚಣಿಗೆ ಹಲ್ಲಿನಂಥ ಗೆರೆಗಳು ಕಾಣುತ್ತಿದ್ದವು. ಚಿತ್ರ ಕೆಟ್ಟಿದೆ ಎಂದುಕೊಂಡು ಆ ಗೆರೆ ಅಳಿಸುವ ‘ಯಾಡಿಫ್’ ಎಂಬ ಡಿಇಂಟರ್ಲೇಸ್ ಫಿಲ್ಟರ್ ಹಾಕಿದೆ. ಜೊತೆಗೆ ಕಾಳು ಕಾಳಾಗಿ ಕಾಣುವುದು ಹೋಗಲಿ ಅಂತ ಡಿನಾಯ್ಸ್ ಫಿಲ್ಟರನ್ನೂ ಜೋರಾಗಿಯೇ ಹಾಕಿದೆ. ಚಿತ್ರ ತೊಳೆದಿಟ್ಟ ಹಾಗೆ ಚೊಕ್ಕವಾಯಿತು. ಡಿಸ್ಕ್ ಬರೆದು ಊರಿಗೆ ಒಯ್ದೆ.

ಅಪ್ಪ ಹತ್ತು ನಿಮಿಷ ಸುಮ್ನೆ ನೋಡಿದರು. ಆಮೇಲೆ ಅಂದರು: “ತಂಗೀ, ಇದು ಕುಣಿದಾಂಗೆ ಇಲ್ಲೆ.”

ಅವರು ಹೇಳಿದ್ದು ಪೂರಾ ನಿಜ. ವಿಎಚ್‌ಎಸ್‌ನಲ್ಲಿ ಒಂದೊಂದು ಫ್ರೇಮ್ ಅಂದರೆ ಎರಡು ಅರ್ಧ ಚಿತ್ರಗಳು. ಒಂದರಲ್ಲಿ ಬೆಸ ಗೆರೆ, ಇನ್ನೊಂದರಲ್ಲಿ ಸರಿ ಗೆರೆ. ಎರಡನ್ನೂ ಬೇರೆ ಬೇರೆ ಕ್ಷಣದಲ್ಲಿ ಹಿಡಿದಿರುತ್ತದೆ. ಹಾಗಾಗಿ ಸೆಕೆಂಡಿಗೆ 25 ಅಲ್ಲ, 50 ಚಲನೆ ಅದರೊಳಗಿದೆ. ನಾನು ಹಾಕಿದ ಫಿಲ್ಟರ್ ಅದನ್ನು 25ಕ್ಕೆ ಇಳಿಸಿಬಿಟ್ಟಿತ್ತು. ಮಂಡಿ ಹಾಕಿ ಗಿರ್ರನೆ ತಿರುಗುವ ಕಡೆ ಅರ್ಧದಷ್ಟು ಚಲನೆಯೇ ಮಾಯ. ಡಿನಾಯ್ಸ್ ಜೋರಾದದ್ದಕ್ಕೆ ಗೆಜ್ಜೆಯ ಹಿಂದೆ ಮಸುಕಾದ ಬಾಲವೂ ಬಂದಿತ್ತು. ಡಿವಿಡಿಗೆ ಈ ಎರಡು ಅರ್ಧದ ಚಿತ್ರ ಹಾಗೇ ಹಾಕಬಹುದು. ಹಳೆಯ ಡಬ್ಬ ಟಿವಿ ಅದನ್ನು ಹಾಗೇ ತೋರಿಸುತ್ತದೆ ಕೂಡ. ಬಾಚಣಿಗೆ ಹಲ್ಲು ಕಾಣುವುದು ಕಂಪ್ಯೂಟರಿನಲ್ಲಿ ಮಾತ್ರ.

ಎರಡನೇ ಸಲ ಯಾಡಿಫ್ ತೆಗೆದೆ. ಎಂಪೆಗ್-2 ಸೆಟ್ಟಿಂಗಿನಲ್ಲಿ ಇಂಟರ್ಲೇಸ್ಡ್, ಅಂದರೆ ಎರಡು ಅರ್ಧದ ಚಿತ್ರ ಎಂದು ಆರಿಸಿದೆ, ಮೇಲಿನ ಫೀಲ್ಡ್ ಮೊದಲು ಎಂದೂ ಹೇಳಿದೆ. ಫೀಲ್ಡ್ ಅಂದರೆ ಆ ಒಂದೊಂದು ಅರ್ಧ ಚಿತ್ರ. ನನ್ನ ಕ್ಯಾಪ್ಚರ್ ಇದ್ದದ್ದು ಹಾಗೆ. ಈ ಕ್ರಮ ತಿರುಗಿದರೆ ಚಿತ್ರ ಹಿಂದೆ ಮುಂದೆ ನಡುಗುತ್ತದೆ. ಮಿನಿಡಿವಿ ಟೇಪಿನಿಂದ ಇಳಿಸಿದ್ದಾದರೆ ಕೆಳಗಿನ ಫೀಲ್ಡ್ ಮೊದಲು ಬರುತ್ತದೆ. ಸುಮ್ನೆ ನನ್ನದನ್ನೇ ನಕಲು ಮಾಡಬೇಡಿ.

ಡಿನಾಯ್ಸ್‌ಗೆ ಅವಿಡೆಮಕ್ಸ್‌ನಲ್ಲಿ ಮೂರು ಸಂಖ್ಯೆ ಕೊಡಬೇಕು. ಈ ಸಲ ಕಡಿಮೆ ಮಾಡಿ 2, 1.5, 3 ಇಟ್ಟೆ. ಕಾಳು ಸ್ವಲ್ಪ ಉಳಿಯಿತು. ಮುಖದ ಬಣ್ಣದ ಗೆರೆಗಳೂ ಉಳಿದವು. ಮುಖವರ್ಣಿಕೆಯ ಸಣ್ಣ ಗೆರೆ ಹೋದರೆ ವೇಷವೇ ಹೋದ ಹಾಗೆ. ಕ್ಯಾಸೆಟ್ಟಿನ ಚಿತ್ರದ ಕೆಳ ಅಂಚಿನಲ್ಲಿ ಯಾವಾಗಲೂ ಕುಣಿಯುವ ಒಂದು ಗೀಚಲು ಪಟ್ಟಿ ಇರುತ್ತದೆ. ಅದನ್ನು ಕತ್ತರಿಸಿ ಚಿತ್ರ ಹಿಗ್ಗಿಸಿದರೆ ಬೆಸ ಸರಿ ಗೆರೆಗಳು ಕಲೆಸಿಹೋಗುತ್ತವೆ. ಅದರ ಬದಲು ಅಂಚನ್ನು ಕಪ್ಪು ಮಾಡುವ ಫಿಲ್ಟರ್ ಇದೆ. ನನಗೆ ತುಂಬಾ ಇಷ್ಟವಾದ ಫಿಲ್ಟರ್ ಅದೇ. ಅಳತೆ ಬದಲಾಗುವುದಿಲ್ಲ, ಗೀಚಲು ಕಾಣುವುದಿಲ್ಲ.

ಧ್ವನಿಯದ್ದು ಇನ್ನೊಂದು ಪೇಚು. ಚಂಡೆಯ ಪೆಟ್ಟು ಹೆಜ್ಜೆಗಿಂತ ಚೂರು ತಡವಾಗಿ ಬರುತ್ತಿತ್ತು. ಎಡಗಡೆ ಆಡಿಯೊ ಕೆಳಗೆ ‘ಶಿಫ್ಟ್’ ಇದೆ, ಮಿಲಿಸೆಕೆಂಡಿನಲ್ಲಿ. ಒಂದೇ ಜಾಗವನ್ನು ಮತ್ತೆ ಮತ್ತೆ ಓಡಿಸಿ ನೋಡಿ 160 ಮಿಲಿಸೆಕೆಂಡ್ ಮುಂಚೆ ತಂದೆ. ಆಗ ಕೂಡಿತು. ಬೇರೆ ವಿಡಿಯೊದಲ್ಲಿ ಇಷ್ಟು ಸಣ್ಣ ವ್ಯತ್ಯಾಸ ನನಗೆ ಗೊತ್ತಾಗುತ್ತಿರಲಿಲ್ಲ. ಆಟದಲ್ಲಿ ಹೆಜ್ಜೆಯೂ ತಾಳವೂ ಬೇರೆಯಾದರೆ ತಡೆಯಲಾಗುವುದಿಲ್ಲ. ಡಿವಿಡಿಗೆ ಧ್ವನಿ 48 ಕಿಲೋಹರ್ಟ್ಸ್ ಇರಬೇಕು ಎಂಬುದೂ ನೆನಪಿರಲಿ.

ಮೂರು ಗಂಟೆಯನ್ನು ಒಂದೇ 4.7 ಜಿಬಿ ಡಿಸ್ಕಿಗೆ ತುರುಕಲು ಹೋಗಲಿಲ್ಲ. ಹಾಗೆ ಮಾಡಿದರೆ ಸೆಕೆಂಡಿಗೆ ಮೂರೂವರೆ ಮೆಗಾಬಿಟ್ಟಿನ ಹತ್ತಿರ ಮಾತ್ರ ಸಿಗುತ್ತದೆ. ಜೋರು ಕುಣಿತಕ್ಕೆ ಅದು ಸಾಲದು, ಚೌಕ ಚೌಕವಾಗಿ ಒಡೆಯುತ್ತದೆ. ಒಂದೂವರೆ ಗಂಟೆಯಂತೆ ಎರಡು ಡಿಸ್ಕ್ ಮಾಡಿ 6 ಮೆಗಾಬಿಟ್ ಕೊಟ್ಟೆ. ಡಿಸ್ಕಿಗೆ ನಲವತ್ತು ರೂಪಾಯಿ ಜಾಸ್ತಿ ಹೋದರೂ ಪರವಾಗಿಲ್ಲ.

ಡಿವಿಡಿಸ್ಟೈಲರ್ ಬಗ್ಗೆ ಹೇಳಲು ಕಡಿಮೆ ಇದೆ, ಏಕೆಂದರೆ ಅದು ತೊಂದರೆ ಕೊಡಲಿಲ್ಲ. ಶುರುವಿನಲ್ಲೇ ಪಾಲ್, 4:3 ಎಂದು ಆರಿಸಿ. ಫೈಲಿನ ಸೆಟ್ಟಿಂಗಿನಲ್ಲಿ ವಿಡಿಯೊಗೆ ‘ಕಾಪಿ’ ಎಂದಿದೆಯೇ ನೋಡಿಕೊಳ್ಳಿ. ಇಲ್ಲದಿದ್ದರೆ ಮತ್ತೊಮ್ಮೆ ಬದಲಿಸಿ ಚಿತ್ರ ಇನ್ನಷ್ಟು ಸೊರಗುತ್ತದೆ. ಹತ್ತು ನಿಮಿಷಕ್ಕೊಂದು ಚಾಪ್ಟರ್ ಹಾಕಿದೆ. ಮೆನುವಿನ ಸಿದ್ಧ ಚಿತ್ರಗಳು ನನಗೆ ಹಿಡಿಸಲಿಲ್ಲ. ಅಪ್ಪನ ವೇಷದ ಫೋಟೊ ಮೇಲೆ ಕನ್ನಡದಲ್ಲಿ ಹೆಸರು ಬರೆದು ಅದನ್ನೇ ಹಿನ್ನೆಲೆಗೆ ಕೊಟ್ಟೆ. ನೇರ ಡಿಸ್ಕಿಗೆ ಬರೆಯದೆ ಮೊದಲು ಇಡೀ ಡಿಸ್ಕನ್ನು ಒಂದೇ ಫೈಲಿನಲ್ಲಿ ಇಡುವ ಐಎಸ್‌ಒ ಫೈಲ್ ಮಾಡಿ, ಕಂಪ್ಯೂಟರಿನ ವಿಎಲ್‌ಸಿ ಪ್ಲೇಯರಿನಲ್ಲಿ ಓಡಿಸಿ ನೋಡಿ, ಆಮೇಲೆ ಡಿವಿಡಿ-ಆರ್ ಮೇಲೆ 4 ಪಟ್ಟು ವೇಗದಲ್ಲಿ ಬರೆದೆ.

ಹೊಸ ಡಿಸ್ಕನ್ನು ಅಪ್ಪ ಎರಡು ಸಲ ಪೂರ್ತಿ ನೋಡಿದರು. ಮೂರನೇ ಸಲ ರಿಮೋಟ್ ತಾವೇ ತಗೊಂಡು ಆರನೇ ಚಾಪ್ಟರ್‌ಗೆ ಹೋದರು, ಚಕ್ರವ್ಯೂಹ ಹೊಗುವ ಜಾಗ. ಒಂದು ಸುತ್ತು ಮುಗಿದ ತಕ್ಷಣ ನಿಲ್ಲಿಸಿ ನನ್ನ ಕಡೆ ತಿರುಗಿದರು.

“ಇಲ್ಲಿ ನೋಡು ತಂಗೀ, ಎನ್ನ ತಾಳ ತಪ್ಪಿದ್ದು.”